ಗಂಡು ದನಿ ನಂಬರ್ ನಾಲ್ಕು

ಚಿಕ್ಕಮುನಿಯಮ್ಮನ ಗಂಟಲು ಕಟ್ಟದೇ ಇದ್ದಿದ್ದರೆ ಗೌರೀಶನ ಬಾಳು ನೆಟ್ಟಗಿರುತ್ತಿತ್ತು. ಆದರೆ ಗಂಟಲು ಕಟ್ಟಿತು. ಬಳೇಪೇಟೆಯ ತಿರುವಿನಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಸೀಬೆಹಣ್ಣು ಮಾರುವ ಆಕೆ ಹೋದ ಚಳಿಗಾಲದ ಒಂದು ಬೆಳಿಗ್ಗೆ ಬಾಯಿ ತೆರೆದಾಗ ಬರೀ ಗಾಳಿ ಬಂತು. ಕೆಲಸಕ್ಕೆ ಹೊರಟಿದ್ದ ಗೌರೀಶನನ್ನು ಕೈಸನ್ನೆಯಲ್ಲೇ ಕರೆದು, ಹೇಳಿದ್ದನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಕೂಗುವ, ಗಾಡಿಗೆ ಕಟ್ಟಿದ್ದ ಸ್ಪೀಕರ್ ಡಬ್ಬವನ್ನು ಅವನ ಮೂತಿಗೆ ಹಿಡಿದಳು. ಗೌರೀಶ ಹಿಂದೆ ಮುಂದೆ ನೋಡಲಿಲ್ಲ. "ಬನ್ನಿ ಅಕ್ಕ, ಬನ್ನಿ ಅಣ್ಣ, ಸಕ್ಕರೆಯಂಥಾ ಸೀಬೆಹಣ್ಣು, ತಿಂದು ನೋಡಿ, ಆಮೇಲೆ ಮಾತಾಡಿ" ಎಂದು ಡಬ್ಬದೊಳಕ್ಕೆ ಕೂಗಿ, ಅದಕ್ಕೆ ಕೂಲಿಯಾಗಿ ಸಿಕ್ಕ ಸೀಬೆಹಣ್ಣು ಕಚ್ಚುತ್ತ ಹೋದ. ಮನುಷ್ಯ ಪರ್ಸನ್ನು ಜೇಬಿನಲ್ಲಿಟ್ಟು, ಜೇಬಿನ ಮೇಲೆ ಕೈಯಿಟ್ಟುಕೊಂಡು ಬಸ್ಸು ಹತ್ತುತ್ತಾನೆ. ದನಿಯನ್ನು ಮಾತ್ರ ಯಾರ ಮುಂದೆ ಬೇಕಾದರೂ ಬಿಚ್ಚಿ ಹಾಕುತ್ತಾನೆ.

ಅದರಲ್ಲೂ ಗೌರೀಶನಿಗೆ ದನಿಯೇ ಬಂಡವಾಳ. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಎಂದ ಮೇಲೆ ಒಳಗೆ ಸೀರೆ ಇದ್ದರೆ ಸಾಲದು, ಹೊರಗೆ ನಿಂತು ಗಿರಾಕಿಯನ್ನು ಕರೆಯುವವನೊಬ್ಬ ಬೇಕು. ಶಂಭುಲಿಂಗಪ್ಪನವರ ಅಂಗಡಿಯ ಮುಂದೆ ಗೌರೀಶ ಮೀಸೆ ಮೂಡುವ ಮೊದಲಿನಿಂದಲೂ ನಿಂತು ಕರೆಯುತ್ತಿದ್ದ. ಅವನ ದನಿಯಲ್ಲಿ ಏನಿತ್ತೋ! ದೀಪದ ಎಣ್ಣೆ ತರಲೆಂದು ಮನೆ ಬಿಟ್ಟ ಹೆಂಗಸು ಕೂಡ "ಬನ್ನಿ ಅಕ್ಕ, ನೋಡೋದಕ್ಕೆ ಕಾಸಿಲ್ಲ" ಎಂಬ ಒಂದೇ ಕರೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದಳು. ಬೇರೆ ಅಂಗಡಿಯವರು ಗಿರಾಕಿಯ ಕೈಚೀಲ ಹಿಡಿದು ಎಳೆದರೆ, ಗೌರೀಶ ಕಿವಿ ಹಿಡಿದು ಎಳೆಯುತ್ತಿದ್ದ, ಅದೂ ಮುಟ್ಟದೆ.

ಈ ಸೋಮವಾರ ಬೆಳಿಗ್ಗೆ ಅವನು ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಬೀದಿಯಿಂದ ಅವನದೇ ದನಿ ಕೇಳಿಸಿತು.

"ಬನ್ನಿ ಅಕ್ಕ, ಬನ್ನಿ ಅಣ್ಣ, ಹಳೇ ಮಿಕ್ಸಿ, ಹಳೇ ಕುಕ್ಕರ್, ಕೆಟ್ಟು ಕೂತಿರೋ ಟೀವಿ, ಏನಿದ್ರೂ ತನ್ನಿ, ನಾಚ್ಕೋಬೇಡಿ."

ಅಡುಗೆಮನೆಯಿಂದ ಅವನ ಹೆಂಡತಿ ಕೋಕಿಲಾ ಸೌಟು ಹಿಡಿದುಕೊಂಡೇ ಬಂದಳು. ಒಮ್ಮೆ ಗಂಡನ ಬಾಯಿ ನೋಡಿದಳು, ಒಮ್ಮೆ ಕಿಟಕಿ ನೋಡಿದಳು.

"ಏನ್ರೀ ಇದು? ಬಾಯಲ್ಲಿ ಉಪ್ಪಿಟ್ಟಿದೆ, ದನಿ ರೋಡಲ್ಲಿದೆ!"

ಗೌರೀಶ ಉತ್ತರ ಕೊಡಲು ಹೋಗಿ ಸಾಸಿವೆ ಕಾಳು ನೆತ್ತಿಗೇರಿಸಿಕೊಂಡ.

"ಗುಜರಿ ಬಿಸಿನೆಸ್ ಶುರು ಮಾಡಿದೀರಾ? ನನಗೊಂದ್ ಮಾತು ಹೇಳ್ಬಾರ್ದಾ?"

"ನಾನಲ್ಲ ಕಣೇ! ನಾನಿಲ್ಲೇ ಕೂತಿದೀನಲ್ಲ!"

"ಇಲ್ಲಿ ಕೂತಿರೋರಿಗಿಂತ ಅಲ್ಲಿರೋರೇ ವಾಸಿ." ಕೋಕಿಲಾ ಕಿಟಕಿಯ ಸರಳಿಗೆ ಕೆನ್ನೆ ಆನಿಸಿ ಕೇಳಿಸಿಕೊಂಡಳು. "ಎಷ್ಟು ಮರ್ಯಾದೆಯಿಂದ ಕರೀತಾರೆ ನೋಡಿ. ಮನೇಲಿ ನಿಮ್ಮ ಬಾಯಲ್ಲಿ ಬರೋದೇ ಎರಡು ಮಾತು. 'ಹೂಂ', ಇಲ್ಲಾಂದ್ರೆ 'ಉಪ್ಪು ಕಮ್ಮಿ'."

ಇದು ನಿಜವಾಗಿತ್ತು. ದಿನವಿಡೀ ಕೂಗುವ ಗೌರೀಶ ಮನೆಗೆ ಬಂದರೆ ಗಂಟಲನ್ನು ಮದುವೆ ಬೆಳ್ಳಿತಟ್ಟೆಯಂತೆ ಬೀರುವಿನಲ್ಲಿಟ್ಟುಬಿಡುತ್ತಿದ್ದ. ಅವನು ನೀರು ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಕೋಕಿಲಾ ಸಜ್ಜದ ಮೇಲಿದ್ದ ಟೇಬಲ್ ಫ್ಯಾನ್ ಇಳಿಸಿಕೊಂಡು ಬೀದಿಗೆ ನಡೆದಿದ್ದಳು. ಗೌರೀಶ ಬನಿಯನ್ನಿನಲ್ಲೇ ಹಿಂದೆ ಓಡಿದ.

ಗುಜರಿ ಗಾಡಿಯವನ ಬಾಯಿ ಮುಚ್ಚಿತ್ತು, ಅದರಲ್ಲಿ ಬೀಡಿ ಇತ್ತು. ಕೂಗುತ್ತಿದ್ದದ್ದು ಗಾಡಿಯ ಹಿಡಿಗೆ ತಂತಿ ಸುತ್ತಿ ಕಟ್ಟಿದ್ದ ಕಪ್ಪು ಡಬ್ಬ.

"ಇದು ನನ್ನ ದನಿ ರೀ!"

"ಡಬ್ಬದ ಜೊತೆ ಫ್ರೀ ಬಂತು ಸಾರ್," ಅವನು ಹೊಗೆ ಬಿಟ್ಟ. "ನಿಮ್ದಾದ್ರೆ ತಗೊಂಡೋಗಿ. ಡಬ್ಬ ಮಾತ್ರ ಇಲ್ಲೇ ಇರ್ಲಿ."

ಕೋಕಿಲಾ ಫ್ಯಾನನ್ನು ಗಾಡಿಗೆ ಏರಿಸಿಬಿಟ್ಟಿದ್ದಳು. ಅದು ಕೆಟ್ಟಿರಲಿಲ್ಲ. "ಅಷ್ಟು ಚೆನ್ನಾಗಿ ಕೇಳ್ದಾಗ ಇಲ್ಲ ಅನ್ನೋಕಾಗುತ್ತೇನ್ರೀ?" ಎಂದಳು.

ಗೌರೀಶ ತಲೆ ಕೆಡಿಸಿಕೊಂಡೇ ಅಂಗಿ ತೊಟ್ಟು ಕೆಲಸಕ್ಕೆ ಹೊರಟ. ಚಿಕ್ಕಪೇಟೆಯ ಗಲ್ಲಿಗೆ ಕಾಲಿಡುವಾಗ ಅವನಿಗೆ ಗೊತ್ತಾಯಿತು, ಅವನ ದನಿ ಅವನಿಗಿಂತ ಮೊದಲೇ ಡ್ಯೂಟಿಗೆ ಬಂದಿದೆ. ಆದರೆ ಬಂದದ್ದು ಎದುರಂಗಡಿಗೆ.

ಎದುರಂಗಡಿ ದೊಡ್ಡಬೈರಪ್ಪನವರದು. ಗಲ್ಲಿ ಎಷ್ಟು ಕಿರಿದೆಂದರೆ ಈ ಅಂಗಡಿಯಲ್ಲಿ ಸೀರೆ ಕೊಡವಿದರೆ ಆ ಅಂಗಡಿಯಲ್ಲಿ ಸೀನುತ್ತಿದ್ದರು. ಅವರ ಬಾಗಿಲ ಮೇಲೆ ಒಂದು ಡಬ್ಬ ನೇತಾಡುತ್ತ, "ಬನ್ನಿ ಅಕ್ಕ, ನೋಡೋದಕ್ಕೆ ಕಾಸಿಲ್ಲ, ಒಳಗೆ ಫ್ಯಾನಿದೆ, ಕೂತ್ಕೊಂಡು ಯೋಚನೆ ಮಾಡಿ" ಎಂದು ಗೌರೀಶನ ದನಿಯಲ್ಲಿ, ಗೌರೀಶನಿಗೆ ಯಾವತ್ತೂ ಹೊಳೆಯದಿದ್ದ ಮಾತುಗಳನ್ನು ಹೇಳುತ್ತಿತ್ತು.

ಶಂಭುಲಿಂಗಪ್ಪನವರು ಗಾದಿಯ ಮೇಲೆ ಹಣೆಯ ವಿಭೂತಿ ಬಿರುಕು ಬಿಡುವಂತೆ ಹುಬ್ಬು ಗಂಟಿಕ್ಕಿ ಕೂತಿದ್ದರು.

"ಬಾರಪ್ಪ, ಬಾ. ಎರಡು ಮನೆ ಅಳಿಯ."

"ಯಜಮಾನ್ರೇ, ದೇವರಾಣೆಗೂ ಅದು ನಾನಲ್ಲ."

"ದೇವ್ರನ್ನ ಮಧ್ಯ ಎಳೀಬೇಡ, ಅವನೂ ಬೆಳಗ್ಗಿಂದ ಕೇಳಿಸ್ಕೋತಿದಾನೆ. ಹೊಸೂರಿನ ಮದುವೆ ಪಾರ್ಟಿ, ನಮ್ಮಂಗ್ಡಿಗೇ ಅಂತ ಮೊದಲ ಸಲ ಬಂದಿದ್ದು, ನಿನ್ನ ದನಿ ಹಿಡ್ಕೊಂಡು ಹೋಗಿ ಅಲ್ಲಿ ಕೂತಿದೆ. ನಾನು ಇಲ್ಲಿಂದ ಕೈ ಬೀಸಿದೆ. ಅವರೂ ಬೀಸಿದ್ರು. ಆಮೇಲೆ ಕಾಫಿ ಕುಡಿದ್ರು. ದೊಡ್ಡಬೈರಪ್ಪನ ಕಾಫಿ!"

"ಯಾರೋ ನನ್ನ ದನಿ ಕದ್ದಿದಾರೆ ಯಜಮಾನ್ರೇ."

"ಕದಿಯೋಕೆ ಅದೇನು ಚಪ್ಲೀನಾ?" ಶಂಭುಲಿಂಗಪ್ಪನವರು ಗಾದಿಯನ್ನು ಗುದ್ದಿದರು. "ನೋಡು ಗೌರೀಶ. ಸಂಜೆ ಶಟರ್ ಎಳೆಯೋದ್ರೊಳಗೆ ಆ ದನಿ ಅಲ್ಲಿ ನಿಲ್ಲಬೇಕು. ನಿಲ್ಲಲಿಲ್ವಾ, ನಾಳೆಯಿಂದ ನೀನೂ ಹೋಗಿ ಆ ಡಬ್ಬದ ಪಕ್ಕದಲ್ಲೇ ನೇತಾಡ್ಕೋ."

ಬೇರೆ ಕೆಲಸ ಗೌರೀಶನಿಗೆ ಬರುತ್ತಿರಲಿಲ್ಲ. ಅವನು ಸೀರೆ ಮಡಿಸಿದರೆ ಹಾಸಿಗೆ ಸುತ್ತಿಟ್ಟಂತೆ ಕಾಣುತ್ತಿತ್ತು. ಲೆಕ್ಕ ಮಾಡಿದರೆ ಗಿರಾಕಿಗೆ ಲಾಭವಾಗುತ್ತಿತ್ತು. ಅವನಿಗಿದ್ದದ್ದು ಒಂದು ಗಂಟಲು, ಅದೂ ಈಗ ಎದುರಂಗಡಿಯಲ್ಲಿ ಕೆಲಸಕ್ಕಿತ್ತು.

ಅವನು ಎರಡು ಹೆಜ್ಜೆಯಲ್ಲಿ ಗಲ್ಲಿ ದಾಟಿ ದೊಡ್ಡಬೈರಪ್ಪನವರ ಮುಂದೆ ಕೈಮುಗಿದು ನಿಂತ.

"ಸಾರ್, ಅದನ್ನ ಆಫ್ ಮಾಡಿ ಸಾರ್."

ದೊಡ್ಡಬೈರಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. "ಲೇ ಗೌರೀಶ, ನಿನ್ನನ್ನ ಎಷ್ಟು ಸಲ ಕರ್ದೆ ನಮ್ಮಂಗ್ಡಿಗೆ ಬಂದ್ಬಿಡು ಅಂತ? ನೀನು ಬರ್ಲಿಲ್ಲ, ನಿನ್ನ ದನಿ ಬಂತು. ಅದಕ್ಕೆ ಟೀ ಬೇಡ, ಬೋನಸ್ ಬೇಡ, ಚಿಕ್ಕತ್ತೆ ತೀರ್ಕೊಂಡ್ರು ಅಂತ ರಜ ಬೇಡ. ನಿನಗೆಷ್ಟು ಜನ ಚಿಕ್ಕತ್ತೆಯರೋ ಆ ಶಂಭುಲಿಂಗಪ್ಪನಿಗೇ ಗೊತ್ತು."

"ಅದು ನನ್ನ ಸ್ವಂತದ್ದು ಸಾರ್!"

ಒಳಗೆ ಸೀರೆ ನೋಡುತ್ತಿದ್ದ ಮದುವೆ ಪಾರ್ಟಿಯ ಅಜ್ಜಿ ಸೀರೆಯಿಂದ ಕಣ್ಣು ತೆಗೆಯದೆಯೇ, "ಯಾರೇ ಅದು, ಎಷ್ಟು ಚೆನ್ನಾಗಿ ಆ ಡಬ್ಬಾನ ಅಣಕಿಸ್ತಾನೆ!" ಎಂದಳು.

"ನಾನು ಬಿಲ್ ಸಮೇತ ತಗೊಂಡಿದೀನಪ್ಪ," ದೊಡ್ಡಬೈರಪ್ಪನವರು ಹೇಳಿದರು. "ಎಸ್.ಪಿ. ರೋಡಲ್ಲಿ ನಿಶಾಂತ್ ಆಡಿಯೋ ಅಂತಿದೆ. ಜಗಳ ಇದ್ರೆ ಅಲ್ಲಿ ಮಾಡ್ಕೋ. ಇಲ್ಲಿ ಗಿರಾಕಿ ಕೂತಿದಾರೆ."

ನಿಶಾಂತ್ ಆಡಿಯೋ ಎಂಬುದು ಇಟ್ಟಿಗೆಗಳ ಬದಲು ಸ್ಪೀಕರುಗಳಿಂದ ಕಟ್ಟಿದಂತಿದ್ದ ಒಂದು ಗೂಡು. ನಡುವೆ ಕಂಪ್ಯೂಟರಿನ ಮುಂದೆ ಕಿವಿಗೆ ಬಳೆಯಂಥ ರಿಂಗು ಹಾಕಿಕೊಂಡಿದ್ದ ನಿಶಾಂತ್ ಕೂತಿದ್ದ. ಗೌರೀಶ ಬಾಯಿ ತೆರೆದು "ಏನಪ್ಪಾ" ಎಂದದ್ದೇ ತಡ, ಅವನು ಕುರ್ಚಿಯಿಂದ ಹಾರಿದ.

"ಗುರುವೇ! ನಂಬರ್ ನಾಲ್ಕು ನೀವೇನಾ? ನಾನು ಇನ್ನೂ ಎತ್ತರ ಇರ್ತೀರ ಅಂದ್ಕೊಂಡಿದ್ದೆ!" ಎಂದವನೇ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಂಡ.

"ಯಾವ ನಂಬರು?"

"ಗಂಡು ದನಿ ನಂಬರ್ ಒಂದು, ಬರೀ ಗಂಟಲು. ಎರಡು, ಬರೀ ಮೂಗು. ಮೂರು, ಮಂಡ್ಯ ಕಡೆಯೋನು, ಪ್ರೀತಿಯಿಂದ ಬೈತಾನೆ. ನಾಲ್ಕು ನೀವು, ವಿನಯ. ಸೀಬೆಹಣ್ಣಿನ ಆಂಟಿ ಡಬ್ಬ ರಿಪೇರಿಗೆ ತಂದಿದ್ರು. ಆನ್ ಮಾಡ್ದೆ ನೋಡಿ, ಮೈ ಜುಂ ಅಂತು. ಹಾಗೇ ಕಂಪ್ಯೂಟರಿಗೆ ತಿನ್ನಿಸ್ಬಿಟ್ಟೆ. ಈಗ ನಾನು ಏನ್ ಟೈಪ್ ಮಾಡಿದ್ರೂ ಅದು ನಿಮ್ಮ ದನಿಯಲ್ಲಿ ಹೇಳುತ್ತೆ. ಜನಕ್ಕೆ ವಿನಯ ಬೇಕು ಗುರು. ತಾವು ಕೊಡಲ್ಲ, ಆದ್ರೆ ಬೇಕು." ಅವನು ಬೆರಳು ಮಡಿಸತೊಡಗಿದ. "ಲಿಫ್ಟಲ್ಲಿ ನೀವೇ, ಡಾಕ್ಟರ್ ಶಾಪಲ್ಲಿ ಟೋಕನ್ ಕೂಗೋದು ನೀವೇ, ಕಲ್ಯಾಣ ಮಂಟಪದಲ್ಲಿ 'ಎರಡನೇ ಪಂಕ್ತಿ ಶುರುವಾಗಿದೆ, ನೂಕಾಡಬೇಡಿ' ಅನ್ನೋದು ನೀವೇ. ನೀವು ಹೇಳಿದ್ರೆ ಜನ ನೂಕಾಡಲ್ಲ ಗುರು!"

ತಾನು ಹೇಳಿದ್ದನ್ನು ಈ ಊರಿನಲ್ಲಿ ಇಷ್ಟು ಜನ ಕೇಳುತ್ತಾರೆಂದು ಗೌರೀಶನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ನೆನಪಾಯಿತು, ಬೆಳಿಗ್ಗೆಯಿಂದ ಅವನು ಹೇಳಿದ್ದನ್ನು ಒಬ್ಬರೂ ಕೇಳಿರಲಿಲ್ಲ.

"ನನ್ನನ್ನ ಒಂದ್ ಮಾತು ಕೇಳದೆ?"

"ಛೆ ಛೆ, ನಾನು ಕಾನೂನು ಪ್ರಕಾರ ನಡೆಯೋನು." ನಿಶಾಂತ್ ಒಂದು ಗುಂಡಿ ಒತ್ತಿದ. ಗೋಡೆಯಷ್ಟೂ ಸ್ಪೀಕರುಗಳಿಂದ ಗೌರೀಶನ ದನಿ ಹರಿದು ಬಂತು. "ಈ ದನಿಯ ಒಡೆಯನಾದ ನಾನು, ಯಾರ ಒತ್ತಾಯವೂ ಇಲ್ಲದೆ, ನಿಶಾಂತ್ ಆಡಿಯೋದವರು ಇದನ್ನು ಹೇಗೆ ಬೇಕಾದರೂ ಬಳಸಿಕೊಳ್ಳಬಹುದೆಂದು ಸಂತೋಷದಿಂದ ಒಪ್ಪಿದ್ದೇನೆ. ನಮಸ್ಕಾರ."

"ಇದನ್ನ ನಾನು ಯಾವತ್ತೂ ಹೇಳಿಲ್ಲ!"

"ನೀವು ಹೇಳಿಲ್ಲ, ನಿಮ್ಮ ದನಿ ಹೇಳ್ತು. ಟೈಪ್ ಮಾಡ್ದೆ, ಒಂದೇ ಏಟಿಗೆ ಒಪ್ಕೊಳ್ತು. ದನಿ ವಿಷಯದಲ್ಲಿ ದನೀನೇ ಒಪ್ಪಿದ್ಮೇಲೆ ಮಧ್ಯ ನೀವ್ಯಾರು ಗುರು?"

ಹಸು ಕದ್ದವನ ಪರವಾಗಿ ಹಸುವೇ ಬಂದು ಸಾಕ್ಷಿ ಹೇಳಿ ಬಾಲ ಬೀಸಿಕೊಂಡು ಹೋದಂತಿತ್ತು. ಗೌರೀಶ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ, "ನೋಡಿ ಅಣ್ಣ, ಎಂಥಾ ಅನ್ಯಾಯ ನೋಡಿ ಅಣ್ಣ!" ಎಂದು ಕೂಗಿಕೊಂಡ.

ಅದೇ ತಪ್ಪಾಯಿತು. ಹೆಲ್ಮೆಟ್ ಹಾಕಿಕೊಂಡು ಹೋಗುತ್ತಿದ್ದ ಒಬ್ಬ ದಢೂತಿ ಮನುಷ್ಯ ಸ್ಕೂಟರಿಗೆ ಬ್ರೇಕ್ ಹಾಕಿ, ಹೆಲ್ಮೆಟ್ ತೆಗೆದು, ಕಿವಿ ಕೊಟ್ಟ.

"ನೀನೇ ತಾನೇ?" ಎಂದ. "ದಿನಾ ನಾನು ಊಟಕ್ಕೆ ಕೂತಾಗ ಫೋನ್ ಮಾಡಿ 'ನಮಸ್ಕಾರ ಅಣ್ಣ, ಏರ್‌ಪೋರ್ಟ್ ಹತ್ರ ಸೈಟಿದೆ' ಅನ್ನೋನು ನೀನೇ ತಾನೇ?"

"ಅಲ್ಲ ಅಣ್ಣ..."

"ನೋಡ್ರೋ, ನೋಡ್ರೋ! ಅದೇ 'ಅಣ್ಣ'!"

ಎಲ್ಲೆಲ್ಲಿಂದಲೋ ಜನ ಸೇರಿದರು. ಕನ್ನಡಕದವರೊಬ್ಬರು ಗೌರೀಶನ ಕಾಲರ್ ಹಿಡಿದರು. "ನಿನ್ನ ಮಾತು ನಂಬ್ಕೊಂಡು ಹೆಂಡ್ತೀನ ಕರ್ಕೊಂಡು ಹೋದೆ ಕಣಯ್ಯಾ. ಏರ್‌ಪೋರ್ಟೂ ಇಲ್ಲ, ಸೈಟೂ ಇಲ್ಲ. ಒಂದು ಕೆರೆ ಇತ್ತು, ಕೆರೇಲಿ ಎಮ್ಮೆ ಇತ್ತು. 'ಇದ್ರಲ್ಲಿ ನಮ್ದು ಯಾವ ಕಡೆ' ಅಂತ ಕೇಳಿದ್ಲು!"

"ನನಗೇನೂ ಗೊತ್ತಿಲ್ಲ ಸಾರ್, ದಯವಿಟ್ಟು..."

"'ದಯವಿಟ್ಟು'! ಫೋನಲ್ಲೂ ಹಿಂಗೇ ಅಂದ!"

ಗೌರೀಶ ಎಷ್ಟು ನಯವಾಗಿ ಅಲ್ಲಗಳೆದನೋ ಅಷ್ಟೇ ಸಿಕ್ಕಿಬಿದ್ದ. ಒರಟಾಗಿ ಮಾತಾಡಿದ್ದರೆ ಬಿಟ್ಟುಬಿಡುತ್ತಿದ್ದರೇನೋ, ಆದರೆ ಅದನ್ನು ಅವನು ಕಲಿತೇ ಇರಲಿಲ್ಲ. ಕೊನೆಗೆ ಕಾಲರನ್ನೂ ಅದಕ್ಕಂಟಿದ್ದ ಒಂದು ಗುಂಡಿಯನ್ನೂ ಅವರ ಕೈಯಲ್ಲೇ ಬಿಟ್ಟು, ಎಣ್ಣೆ ಹಚ್ಚಿದ ಮೀನಿನಂತೆ ಜಾರಿ ಓಡಿ, ಎದುರು ಸಿಕ್ಕ ಪೊಲೀಸ್ ಠಾಣೆಯೊಳಕ್ಕೆ ನುಗ್ಗಿದ.

ಸಬ್ ಇನ್‌ಸ್ಪೆಕ್ಟರ್ ಯಶಶ್ರೀ ಕೋಸಂಬರಿ ತಿನ್ನುತ್ತಿದ್ದರು.

"ಮೇಡಂ, ಕಂಪ್ಲೇಂಟ್ ಕೊಡ್ಬೇಕು. ನನ್ನ ದನಿ ಕಳುವಾಗಿದೆ."

ಯಶಶ್ರೀ ಚಮಚ ಕೆಳಗಿಟ್ಟರು. "ಕಳುವಾಗಿದ್ರೆ ಅದು ನಿಮ್ಮ ಹತ್ರ ಇರಬಾರದು. ಈಗ ಯಾವುದ್ರಲ್ಲಿ ಮಾತಾಡ್ತಿದೀರಿ?"

"ಇದು ಒರಿಜಿನಲ್ ಮೇಡಂ. ಅದು ನಿಶಾಂತ್ ಆಡಿಯೋದವರು ಮಾಡಿರೋ ಕಾಪಿ."

"ಒರಿಜಿನಲ್ ನಿಮ್ಮ ಹತ್ರಾನೇ ಇದೆ. ಕಾಪಿ ನೀವು ಮಾಡ್ಲಿಲ್ಲ, ಅವರು ಕಷ್ಟಪಟ್ಟು ಮಾಡ್ಕೊಂಡಿದಾರೆ. ಇದ್ರಲ್ಲಿ ನಿಮ್ಮ ಮನೆಯಿಂದ ಹೋಗಿದ್ದೇನ್ರೀ?"

"ಫ್ಯಾನ್ ಹೋಗಿದೆ ಮೇಡಂ."

"ನೀವು ಹಾಡುಗಾರರಾ?"

"ಅಲ್ಲ, ಸೀರೆ ಅಂಗಡಿ ಮುಂದೆ ಕರೀತೀನಿ."

"ಹಾಡಿದ್ರೆ ಏನಾದ್ರೂ ಮಾಡಬಹುದಿತ್ತು. ಬರೀ ಕರೆದಿದ್ದಕ್ಕೆ ನಾನು ಯಾವ ಸೆಕ್ಷನ್ ಹುಡುಕ್ಲಿ?"

ಅಷ್ಟರಲ್ಲಿ ಹೊರಗೆ ನಿಂತಿದ್ದ ಜೀಪಿನ ಮೇಲಿನ ಸ್ಪೀಕರ್ ಕೆಮ್ಮಿ ಎಚ್ಚರವಾಯಿತು. "ನಮಸ್ಕಾರ ಅಕ್ಕ, ನಮಸ್ಕಾರ ಅಣ್ಣ. ನಿಮ್ಮ ಸ್ವಂತ ಮಾಹಿತಿಯನ್ನು ಗೊತ್ತಿಲ್ಲದವರಿಗೆ ಕೊಡಬೇಡಿ. ಒಂದು ಸಲ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ. ಜಾಗೃತರಾಗಿರ್ತೀರಲ್ಲ?"

ಗೌರೀಶ ಗೋಡೆಗೆ ಒರಗಿದ. ಯಶಶ್ರೀ ಮೆಚ್ಚುಗೆಯಿಂದ ತಲೆದೂಗಿದರು. "ಎಷ್ಟು ಚೆನ್ನಾಗಿ ಹೇಳ್ತಾರೆ ನೋಡಿ. ನಿಮ್ಮಂಥವರಿಗೇ ಹೇಳ್ತಿರೋದು. ನೀವು ಕೇಳಿದ್ರೆ ಇಲ್ಲಿಗೆ ಬರ್ತಿದ್ರಾ?"

"ಮೇಡಂ, ಅದು ನಾನೇ!"

"ಹಾಗಾದ್ರೆ ನೀವು ಹೇಳಿದ್ದನ್ನ ನೀವಾದ್ರೂ ಕೇಳಬೇಕಿತ್ತಪ್ಪ." ಅವರು ಮತ್ತೆ ಚಮಚ ಎತ್ತಿಕೊಂಡರು. "ಮೊದ್ಲು ಆ ಕಂಪನಿ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಡಿ. ಅಲ್ಲಿ ಬಗೆಹರೀಲಿಲ್ಲ ಅಂದ್ರೆ ಆಮೇಲೆ ಬನ್ನಿ. ಆದ್ರೆ ನಾಳೆ ಬನ್ನಿ."

ನಾಳೆ ಎಂಬುದು ಗೌರೀಶನ ಬಳಿ ಇರಲಿಲ್ಲ. ಅವನಿಗಿದ್ದದ್ದು ಸಂಜೆಯವರೆಗೆ. ಅವನು ಕಾಲೆಳೆದುಕೊಂಡು ಬಳೇಪೇಟೆಯ ತಿರುವಿಗೆ ಬಂದು, ಚಿಕ್ಕಮುನಿಯಮ್ಮನ ಗಾಡಿಯ ಪಕ್ಕ, ಬಳೆ ಅಂಗಡಿಯವರು ಎಸೆದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದ. ಆಕೆಯ ಗಂಟಲು ಯಾವಾಗಲೋ ಸರಿಹೋಗಿತ್ತು. ಡಬ್ಬವನ್ನು ಹಣ್ಣುಗಳ ನಡುವೆ ಮೂಲೆಗೆ ಹಾಕಿದ್ದಳು. ಗೌರೀಶ ತನ್ನ ಕತೆಯನ್ನೆಲ್ಲ ಹೇಳಿದ.

"ನನ್ನಿಂದ ಇಷ್ಟೆಲ್ಲ ಆಯ್ತಲ್ಲಪ್ಪ," ಆಕೆ ಲೊಚಗುಟ್ಟಿದಳು. "ಒಂದು ಹಣ್ಣು ತಿನ್ನು. ಉಪ್ಪು ಖಾರ ಹಾಕ್ಲಾ?"

"ಅಕ್ಕ, ಆ ಡಬ್ಬದ ಮೇಲೆ ರಿಪೇರಿಯೋನು ಅಂಟಿಸಿದ ಚೀಟೀಲಿ ಸಹಾಯವಾಣಿ ನಂಬರ್ ಇದ್ಯಾ ನೋಡಿ."

ಇತ್ತು. ಗೌರೀಶ ನಂಬರ್ ಒತ್ತಿ, ಚಿಕ್ಕಮುನಿಯಮ್ಮನೂ ಕೇಳಿಸಿಕೊಳ್ಳಲೆಂದು ಫೋನಿನ ಸ್ಪೀಕರ್ ಹಾಕಿದ. ಆ ಕಡೆಯಿಂದ ಅವನೇ ಎತ್ತಿಕೊಂಡ.

"ನಮಸ್ಕಾರ ಅಣ್ಣ, ನಿಶಾಂತ್ ಆಡಿಯೋ ಸಹಾಯವಾಣಿ. ಹೇಳಿ, ನಿಮ್ಮ ಮನಸ್ಸಿಗೆ ಏನು ಬೇಜಾರಾಯ್ತು?"

ಗೌರೀಶ ಫೋನನ್ನು ಬಿಸಿ ಪಾತ್ರೆಯಂತೆ ಕೈಯಿಂದ ಕೈಗೆ ಬದಲಾಯಿಸಿದ. "ನೀನ್ಯಾರೋ?"

"ನಾನು ನಿಮ್ಮ ಸಹಾಯಕ ಅಣ್ಣ. ನಿಮ್ಮ ದನಿ ಯಾಕೋ ಒಡೆದಿದೆ. ಬಿಸಿನೀರು ಕುಡಿದ್ರಾ?"

"ನಿಂದು ನನ್ನ ದನಿ ಕಣೋ!"

"ಹಾಗಾ? ತುಂಬ ಚೆನ್ನಾಗಿದೆ ಅಣ್ಣ. ಎಲ್ಲರೂ ಹಾಗೇ ಹೇಳ್ತಾರೆ."

ಗೌರೀಶನಿಗೆ ಬೈಯಬೇಕೆನ್ನಿಸಿತು. ಆದರೆ ಬೆಳಗ್ಗಿಂದ ಓಡಿ, ಕೂಗಿ, ಅವನ ಗಂಟಲು ತೂತು ಬಿದ್ದ ತಮಟೆಯಂತಾಗಿತ್ತು. ಆ ಕಡೆಯ ದನಿಯೋ, ಆಗತಾನೇ ಸ್ನಾನ ಮಾಡಿ ಬಂದಂತಿತ್ತು. ದಾರಿಹೋಕರು ನಿಂತು ನೋಡತೊಡಗಿದರು. "ಒಬ್ನೇ ಎರಡೂ ಕಡೆಯಿಂದ ಮಾತಾಡ್ಕೋತಿದಾನೆ," ಎಂದು ಒಬ್ಬ ಕೂಲಿಯಾಳು ಮೂಟೆಯ ಕೆಳಗಿಂದ ಮರುಕಪಟ್ಟ. "ಮನೇಲಿ ಯಾರೂ ಮಾತಾಡ್ಸಲ್ಲ ಅನ್ಸುತ್ತೆ."

"ಅವ್ನೇ ನಿನಗಿಂತ ವಾಸಿ ಮಾತಾಡ್ತಾನೆ ಕಣಪ್ಪ," ಚಿಕ್ಕಮುನಿಯಮ್ಮ ಮೆಲ್ಲಗೆ ಹೇಳಿದಳು.

"ಬೇಜಾರು ಮಾಡ್ಕೋಬೇಡಿ, ನಿಧಾನಕ್ಕೆ ಹೇಳಿ ಅಣ್ಣ," ಎಂದಿತು ಫೋನು. "ನನಗೆ ಬೇರೆ ಕೆಲಸ ಇಲ್ಲ."

ಅಷ್ಟೇ. ಗೌರೀಶ ಕರಗಿಬಿಟ್ಟ. ಇಡೀ ದಿನದಲ್ಲಿ ಅವನನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ. ಅವನು ಹೆಂಡತಿ ಕಿಟಕಿಗೆ ಕೆನ್ನೆ ಆನಿಸಿದ್ದನ್ನು ಹೇಳಿದ, ಕಾಲರ್ ಹೋದದ್ದನ್ನು ಹೇಳಿದ, ಸಂಜೆಯೊಳಗೆ ಕೆಲಸ ಹೋಗುತ್ತದೆಂದು ಹೇಳಿ ಮೂಗು ಒರೆಸಿಕೊಂಡ. ದನಿ ಸರಿಯಾದ ಜಾಗದಲ್ಲೆಲ್ಲ "ಅಯ್ಯೋ" ಎಂದಿತು. ತನ್ನ ದನಿ ಯಾಕೆ ಜನರನ್ನು ಚಪ್ಪಲಿ ಬಿಡಿಸಿ ಕೂರಿಸುತ್ತದೆಂದು ಗೌರೀಶನಿಗೆ ಮೊದಲ ಸಲ ತಿಳಿಯಿತು.

"ಊರಲ್ಲೆಲ್ಲ ಈ ದನಿ ನಿಲ್ಲಿಸಿಬಿಡಪ್ಪ," ಎಂದ.

"ಊರೆಲ್ಲ ಅಂದ್ರೆ ಮಾಲೀಕರನ್ನ ಕೇಳಬೇಕಣ್ಣ, ವಾರಗಟ್ಟಲೆ ಆಗುತ್ತೆ. ಒಂದು ಗಲ್ಲಿ ಅಂದ್ರೆ ನಾನೇ ಈಗಲೇ ಮಾಡಿಕೊಡ್ತೀನಿ. ನಿಮಗೆ ಏನಾಗಬೇಕು, ಬಿಡಿಸಿ ಹೇಳಿ."

ಸಂಜೆಯ ಶಟರು ಗೌರೀಶನ ಕಣ್ಣಮುಂದೆ ಕೆಳಗಿಳಿಯುತ್ತಿತ್ತು. "ಹಾಗಾದ್ರೆ ಬರ್ಕೋ. ಚಿಕ್ಕಪೇಟೇಲಿ ನಮ್ಮ ಗಲ್ಲೀಲಿ ಈ ದನಿ ಶಂಭುಲಿಂಗಪ್ಪನವರ ಅಂಗಡಿ ಮುಂದೆ ಮಾತ್ರ ಕೇಳಬೇಕು. ಬೇರೆ ಯಾರ ಅಂಗಡೀಲೂ, ಬೇರೆ ಯಾರ ಬಾಯಲ್ಲೂ ಕೇಳಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಅಣ್ಣ. ಇದೇ ನಿಮ್ಮ ಕೊನೇ ಮಾತಾ? ಹೌದು ಅಂದ್ರೆ ಸಾಕು."

"ಹೌದು. ನೂರು ಸಲ ಹೌದು!"

"ಸಂತೋಷ ಅಣ್ಣ. ನೀವು ಅಂಗಡಿ ತಲುಪೋ ಹೊತ್ತಿಗೆ ಆಗಿರುತ್ತೆ. ಬಿಸಿನೀರು ಮರೀಬೇಡಿ."

ಗೌರೀಶ ಇನ್ನೆರಡು ಸೀಬೆಹಣ್ಣು ನಿಧಾನಕ್ಕೆ ತಿಂದು ಮುಗಿಸಿ, ಬೀಜ ಉಗಿಯುತ್ತ ಗಲ್ಲಿಯತ್ತ ಹೆಜ್ಜೆ ಹಾಕಿದ. ಗಲ್ಲಿಯ ಬಾಯಿಗೆ ಬಂದು ಕಿವಿಗೊಟ್ಟ. ದೊಡ್ಡಬೈರಪ್ಪನವರ ಡಬ್ಬದಿಂದ ಬೇರೆ ಯಾರೋ ಕೂಗುತ್ತಿದ್ದರು. "ಬನ್ರಕ್ಕೋ, ಒಳೀಕ್ ಬನ್ರಿ! ಯಾಕಂಗೆ ನಿಂತ್ಕಂಡ್ರಿ, ಸೀರೆ ಏನ್ ಕಚ್ತದಾ?" ಗಂಡು ದನಿ ನಂಬರ್ ಮೂರು! ಮದುವೆ ಪಾರ್ಟಿಯ ಅಜ್ಜಿ "ನಮ್ಮನ್ನೇ ಬೈತಾನಲ್ಲೇ" ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ದೊಡ್ಡಬೈರಪ್ಪನವರು ಹುಳಿ ದ್ರಾಕ್ಷಿ ಕಚ್ಚಿದವರಂತೆ ನಿಂತಿದ್ದರು. ಗೌರೀಶನಿಗೆ ನಡುಬೀದಿಯಲ್ಲಿ ಕುಣಿಯಬೇಕೆನ್ನಿಸಿತು. ಗೆದ್ದೆ ಎಂದುಕೊಂಡ. ಅಂಗಿಯ ಮುದುರು ಸರಿಮಾಡಿಕೊಂಡು, ತನ್ನ ಜಾಗದಲ್ಲಿ ನಿಂತು ಒಂದು ಕರೆ ಕೊಡೋಣವೆಂದು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಅವನ ಜಾಗದಿಂದಲೇ ಕರೆ ಬಂತು. "ಬನ್ನಿ ಅಕ್ಕ, ಆ ಕಡೆ ಬೈಸ್ಕೊಂಡಿದ್ದು ಸಾಕು, ಇಲ್ಲಿ ಬನ್ನಿ."

ಅವನು ದಿನವೂ ನಿಲ್ಲುತ್ತಿದ್ದ ಮೆಟ್ಟಿಲ ಮೇಲೆ ಒಂದು ಹೊಸ ಡಬ್ಬ ಕೂತಿತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಮುಂದೆ ತೆಂಗಿನಕಾಯಿ ಒಡೆದಿದ್ದರು. ಶಂಭುಲಿಂಗಪ್ಪನವರು ಮಂಗಳಾರತಿ ತಟ್ಟೆಯನ್ನು ಕೆಳಗಿಟ್ಟು ಬಂದು ಗೌರೀಶನನ್ನು ಬಾಚಿ ತಬ್ಬಿಕೊಂಡರು.

"ಎಂಥಾ ತಲೆ ಗೌರೀಶ ನಿಂದು! ನಿಲ್ಸು ಅಂದ್ರೆ ಕಿತ್ಕೊಂಡೇ ಬಂದ್ಯಲ್ಲೋ! ಆ ನಿಶಾಂತ್ ಸ್ಕೂಟರಲ್ಲಿ ಬಂದು ಕೂರಿಸಿ ಹೋದ. 'ನಿಮ್ಮ ಗೌರೀಶಣ್ಣ ಆರ್ಡರ್ ಕೊಟ್ಟಿದಾರೆ, ಈ ಗಲ್ಲೀಲಿ ಈ ದನಿ ನಿಮಗೆ ಮಾತ್ರ' ಅಂದ. ನಾನು ನಂಬ್ಲಿಲ್ಲ. ನೀನೇ ಫೋನಲ್ಲಿ 'ನೂರು ಸಲ ಹೌದು' ಅಂದಿದ್ದನ್ನ ಕೇಳಿಸ್ದ. ಸಹಿ ಹಾಕ್ಬಿಟ್ಟೆ."

"ಯಜಮಾನ್ರೇ, ಹಾಗಾದ್ರೆ ನನ್ನ ಕೆಲ..."

"ಶ್!" ಶಂಭುಲಿಂಗಪ್ಪನವರು ಗಾಬರಿಯಿಂದ ಅವನ ಬಾಯಿಗೆ ಅಂಗೈ ಒತ್ತಿ, ಗಲ್ಲಿಯ ಎರಡೂ ಕಡೆ ನೋಡಿದರು. "ಮಾತಾಡ್ಬೇಡ! ಬೇರೆ ಯಾರ ಬಾಯಲ್ಲೂ ಈ ದನಿ ಕೇಳಬಾರದು ಅಂತ ಕಾಗದದಲ್ಲಿದೆ. ನೀನೇ ಹಾಕ್ಸಿದ ಷರತ್ತಂತೆ. ಈಗ ದೊಡ್ಡಬೈರಪ್ಪ ಕೇಳಿಸ್ಕೊಂಡ್ರೆ ನಕಲಿ ಅಂತ ದೂರು ಕೊಡ್ತಾನೆ, ಡಬ್ಬ ಹೋಗುತ್ತೆ." ಆಮೇಲೆ ಬೆನ್ನು ತಟ್ಟಿದರು. "ನಿನ್ನನ್ನ ಬಿಡ್ತೀನಾ? ಮಾತು ಅಂದ್ರೆ ಮಾತು. ನಾಳೆನೂ ಬಾ, ಡಬ್ಬದ ಪಕ್ಕ ನಿಂತ್ಕೋ, ಬಿಸಿಲು ಬಂದ್ರೆ ಅದಕ್ಕೆ ಕೊಡೆ ಹಿಡಿ, ಗಿರಾಕಿ ಬಂದ್ರೆ ಒಳಗೆ ಕೈತೋರಿಸು. ಸಂಬಳದ ವಿಷಯ ಆಮೇಲೆ ಮಾತಾಡೋಣ. ಅಂದ್ರೆ, ನಾನು ಮಾತಾಡ್ತೀನಿ."

ಮದುವೆ ಪಾರ್ಟಿ ಗಲ್ಲಿ ದಾಟಿ ಈ ಕಡೆ ಬಂತು. ಮುಂದೆ ಅಜ್ಜಿ, ಹಿಂದೆ ಮದುಮಗಳು. ಅಜ್ಜಿ ಡಬ್ಬದ ಹಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಗೌರೀಶನತ್ತ ತಿರುಗಿದಳು.

"ಏನಪ್ಪಾ, ಧಾರೆ ಸೀರೆ ಯಾವ ಕಡೆ?"

ಗೌರೀಶ ಬಾಯಿ ತೆರೆದ. ಒಳಗಿನಿಂದ ಶಂಭುಲಿಂಗಪ್ಪನವರು ಜೋರಾಗಿ ಕೆಮ್ಮಿದರು. ಗೌರೀಶ ಬಾಯಿ ಮುಚ್ಚಿ, ಕೈ ಚಾಚಿ ಒಳಗೆ ತೋರಿಸಿದ.

"ಅಯ್ಯೋ ಪಾಪ, ಮೂಗ ಕಣೇ," ಅಜ್ಜಿಯ ಕಣ್ಣಲ್ಲಿ ನೀರಾಡಿತು. "ಈ ಡಬ್ಬಕ್ಕೆ ಕೊಟ್ಟಿರೋ ಗಂಟಲಲ್ಲಿ ಒಂದು ಚೂರನ್ನ ಆ ದೇವ್ರು ಇವನಿಗೆ ಕೊಡಬಾರ್ದಿತ್ತಾ?" ಆಮೇಲೆ, ಕಿವಿಯೂ ಮಂದವಿರಬಹುದೆಂದು, ಅವನ ಮುಖದ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು. "ಹು-ಟ್ಟಿ-ದಾ-ಗಿಂ-ದ-ಲೂ ಹೀ-ಗೇ-ನಾ-ಪ್ಪಾ?"

ಗೌರೀಶ ಹೌದೆಂದು ತಲೆಯಾಡಿಸಿದ.